ಉತ್ತರದಾತೆ ಹದಿನೇಳು

ತೊರವಿಯ ಬಯಲಿನ ಗಾಳಿಗೆ ರಜೆಯೆಂಬುದಿಲ್ಲ.
ರಾಜ್ಯಶಾಸ್ತ್ರ ವಿಭಾಗದ ಕಿಟಕಿ ಬಡಿಯದಂತೆ
ಹಳೇ ಪ್ರಶ್ನೆಪತ್ರಿಕೆ ಮಡಿಸಿ ಸಿಗಿಸಿ
ಇನಾಮದಾರ ಮೇಡಂ ಬೋರ್ಡಿನ ಮೇಲೆ ಬರೆದರು:
ಪರಮಾಧಿಕಾರ ಅವಿಭಾಜ್ಯ.
ಬರೆದು, ತಿರುಗಿ, ನಮ್ಮ ಹನ್ನೊಂದು ಮುಖ ನೋಡಿ
'ಪುಸ್ತಕದಾಗ' ಅಂದರು.

ನನ್ನ ಪ್ರಬಂಧದ ಹೆಸರು ಮೂರು ಸಾಲು ಉದ್ದ.
ಮಹಿಳಾ ಸದಸ್ಯರು, ಇಂಡಿ ತಾಲೂಕು, ನಿರ್ಣಯ ಪ್ರಕ್ರಿಯೆ, ಒಂದು ಅಧ್ಯಯನ...
ಆ ಸಾಲುಗಳ ಸಂದಿಯಲ್ಲೆಲ್ಲೋ
ನಮ್ಮವ್ವ ಕೂತಿದ್ದಾಳೆ,
ನಲವತ್ತು ಮಂದಿಯಲ್ಲಿ ಹದಿನೇಳನೆಯವಳಾಗಿ.
ಹೆಸರು ಬರೆಯಬಾರದು, ನಂಬರ್ ಹಾಕಬೇಕು;
ಅದು ಸಂಶೋಧನೆಯ ನೀತಿ.

ಊರಲ್ಲಿ ಮೆಂಬರ್ ಅಂದರೆ ಅಪ್ಪ.
ಚಹಾದಂಗಡಿಯಲ್ಲಿ, ಮೋಟರ್ ರಿಪೇರಿಯವನ ಉದ್ರಿ ವಹಿಯಲ್ಲಿ,
ಮದುವೆ ಕಾರ್ಡಿನಲ್ಲಿ ಸುಖಾಗಮನ ಬಯಸುವವರ ಸಾಲಿನಲ್ಲೂ
ಅಪ್ಪನೇ ಮೆಂಬರು.
ಆರಿಸಿ ಬಂದವಳು ಮೆಂಬರನ ಹೆಂಡತಿ.

ಒಲೆ ಆರಿದ ಮೇಲೆ ಕೂತೆವು. ಓದಿದೆ:
ನಿರ್ಣಯಗಳನ್ನು ಯಾರು ಕೈಗೊಳ್ಳುತ್ತಾರೆ?
ಅ) ಸ್ವತಃ ಆ) ಪತಿ ಇ) ಇತರರು
ಅವ್ವ ಕೈಗಂಟಿದ ಹಿಟ್ಟು ಉಜ್ಜಿಕೊಳ್ಳುತ್ತ
'ಸ್ವತಃ ಅಂದ್ರ?'
'ನೀನ.'
'ಹಂಗಾದ್ರ ಹಂಗ ಬರೀಬಾರದೇನು. ಇತರರು?'
'ಉಳದವ್ರು.'
'ಊರಿಗೂರ ಬಂತಲ್ಲವಾ ಅದರಾಗ.'

ಪ್ರಮಾಣವಚನಕ್ಕೆ ಒಂಬತ್ತು ದಿನ ಇದ್ದಾಗ
ನನ್ನ ನೋಟುಬುಕ್ಕಿನ ಹಿಂಬದಿ ಹಾಳೆಯಲ್ಲಿ
ಸಹಿ ಕಲಿಸಿದ್ದೆ ಆಕೆಗೆ: ಬಂಗಾರೆವ್ವ.
ಗಾ ಬಂತು, ರೆ ಬಂತು, ವತ್ತೂ ಬಂತು,
ಸೊನ್ನೆಯೊಂದು ಪ್ರತಿಸಲ ಜಾರಿಹೋಗುತ್ತಿತ್ತು.
ಬಗಾರೆವ್ವ, ಬಗಾರೆವ್ವ, ಪುಟದ ತುಂಬ.
'ಬಂಗಾರ ಹೋಗಿ ಬಗಾರ ಅನ್ನ ಆತು ನೋಡ' ಅಂತ ನಾನು ನಕ್ಕರೆ
'ಸೊನ್ನಿ ಅಂದ್ರ ಏನೂ ಇಲ್ಲ ಅಂತ ಹೌದಲ್ಲ?
ಏನೂ ಇಲ್ಲದ್ದಕ್ಕ ಇಷ್ಟ್ಯಾಕ ಗುದ್ದಾಡ್ತಿ?' ಅಂದಿದ್ದಳು.

ಕೋಷ್ಟಕದಲ್ಲಿ ಇಲ್ಲಿಯವರೆಗೆ,
ಪತಿ: ಮೂವತ್ತು. ಇತರರು: ಒಂಬತ್ತು.
ಸ್ವತಃ ಎಂಬ ಮನೆಯಲ್ಲಿ ಸೊನ್ನೆ.
ಸ್ಕೇಲಿಟ್ಟು ನಾನೇ ಎಳೆದ ಮನೆ ಅದು,
ಒಬ್ಬರೂ ಬಾಡಿಗೆಗೆ ಬಂದಿರಲಿಲ್ಲ.

'ಮೊನ್ನಿ ಮೀಟಿಂಗಿನಾಗ' ಅಂತ ಶುರು ಮಾಡಿದಳು ಅವ್ವ,
ನಾನು ಕೇಳದೆಯೇ.
'ಠರಾವಿನ ಪುಸ್ತಕ ಸರಿಸಿ ಸಹಿ ಹಾಕ್ರಿ ಅಕ್ಕಾರ ಅಂದ್ರು.
ಪೆನ್ನು ಹಿಡದೆ. ಸೊನ್ನಿ ಎಲ್ಲಿಡೂದು ಮರತ ಹೋತು.
ನೆನಪಾಗೂ ತನಕ ಹೊತ್ತು ಹೋಗ್ಲಿ ಅಂತ
ಓದ್ರಿ, ಕೇಳ್ತೀನಿ ಅಂದೆ.
ಓದಿದ್ರು. ಐದನೇದು ನಮ್ಮ ಓಣಿ ನಳ.
ಕೆಲಸ ಪೂರ್ಣ ಆಗೇತಿ, ಬಿಲ್ಲು ಪಾಸು.
ಎಲ್ಲೈತ್ರಿ ನಳ, ಅಂದೆ.
ನಾ ದಿನಾ ಗುಡಿ ಹಿಂದಿನ ಬೋರಿಂದ ನಾಕು ಕೊಡ ಹೊರ್ತೀನಿ.
ಯಾರೂ ಮಾತಾಡಲಿಲ್ಲ. ನಿಮ್ಮಪ್ಪ ಬಾಗಲದಾಗ ನಿಂತು ಕೆಮ್ಮಿದ.
ಎರಡು ಸಲ ಕೆಮ್ಮಿದ.
ನಾ ಸೊನ್ನಿ ಹುಡುಕ್ಕೋತ ಕುಂತೆ.'

'ಸಹಿ?'
'ನೆನಪ ಆಗಲಿಲ್ಲ' ಅಂದಳು, ಮುಖ ಆಚೆ ಮಾಡಿ.
ಕತ್ತಲಲ್ಲಿ ಆಕೆ ನಕ್ಕಳೋ ಏನೋ.

ಮೇಡಂ ಎರಡು ಸಲ ಓದಿದರು.
ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ
'ಹಾಗಾದರೆ ನಿನ್ನ ಪ್ರಶ್ನೆಯೇ ತಪ್ಪು' ಅಂದರು.
'ಸಹಿ ಹಾಕದ್ದನ್ನ ಯಾರನ್ನೂ ಕೇಳೇ ಇಲ್ಲ ನೀನು.
ನಲವತ್ತೂ ಜನರ ಹತ್ರ ಮತ್ತೆ ಹೋಗು.'
ಸಲ್ಲಿಸಲು ಉಳಿದದ್ದು ಇಪ್ಪತ್ತೆರಡು ದಿನ.
ಇಂಡಿ ಬಸ್ಸಿನ ಪಾಸು ಮುಗಿದು ವಾರವಾಗಿತ್ತು.

ಹೊಸ ಹಾಳೆಗಳ ಜೊತೆ ಊರಿಗಿಳಿದದ್ದು ದೀಪ ಹಚ್ಚುವ ಹೊತ್ತಿಗೆ.
ಅಪ್ಪ ಬಾಜಿನ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದ,
ಮೂರು ದಿನದಿಂದ ಅವ್ವನ ಕೂಡ ಮಾತಿಲ್ಲವಂತೆ.
ಒಪ್ಪಿಗೆ ಪತ್ರ ಮುಂದೆ ಹಿಡಿದೆ.
'ಹದಿನೇಳನೇ ನಂಬರಿನವರ, ಇಲ್ಲೊಂದು ಸಹಿ.'

ಅವ್ವ ಪೆನ್ನು ತಗೊಂಡಳು.
ಕ್ಯಾಪು ತೆಗೆಯಲಿಲ್ಲ.
'ಮೊದಲ ಓದು' ಅಂದಳು.